ದಾರಿ ಕೊಟ್ಟವರಿಗೆ ಒಂದು ಮಾತು

ಹೊಳೆಹುಂಡಿ, ಸಂತೆಮರಹಳ್ಳಿ ಹತ್ತಿರ
೧೩ ನವೆಂಬರ್ ೨೦೦೫, ಭಾನುವಾರ ಬೆಳಿಗ್ಗೆ

ಸನ್ಮಾನ್ಯ ಸಹಾಯಕ ಇಂಜಿನಿಯರ್ ಗುರುಪಾದಸ್ವಾಮಿಯವರಿಗೆ, ಮತ್ತು ಆ ಹುದ್ದೆಯ ಒಳಗೆಲ್ಲೋ ಸದ್ದಿಲ್ಲದೆ ಕೂತಿರುವ ನನ್ನ ಯಜಮಾನರಿಗೆ,

ವನಿತಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಕ್ಷೇಮವಾಗಿದ್ದರೆ ನಾನು ನಿಮಗೆ ಬರೆಯುತ್ತಿದ್ದೆನೇ?

ನಿಮ್ಮ ಕಾಗದ ತಲುಪಿತು. ಮೂರು ವರ್ಷದ ಮೇಲೆ ಒಂದು ಕಾಗದ. ಅದೂ ಅಂಚೆಯವನ ಕೈಯಲ್ಲಿ ಬಂದದ್ದಲ್ಲ, ಮೈದಾ ಅಂಟು ಬಳಿದು ಹಳೇ ಸೇತುವೆಯ ಕಲ್ಲಿಗೆ ಮೆತ್ತಿದ್ದು. "ಸಾರ್ವಜನಿಕರ ಗಮನಕ್ಕೆ" ಅಂತ ಶುರು. ಪ್ರೀತಿಯ ವನಿತಾ ಎಂದು ಬರೆಯಲು ನಾಚುವವರು ಹೀಗೆ ಊರಿನವರನ್ನೆಲ್ಲ ಸೇರಿಸಿಕೊಂಡು ಬರೆಯುತ್ತಾರೇನೋ. ಇರಲಿ, ಸಾರ್ವಜನಿಕರಲ್ಲಿ ನಾನೂ ಒಬ್ಬಳು. ಹೊನ್ನುಹೊಳೆಯ ಹಳೆಯ ಕಲ್ಲು ಸೇತುವೆ ಶಿಥಿಲವಾಗಿದೆ, ಹೊಸದು ಸಂಚಾರಕ್ಕೆ ಮುಕ್ತವಾಗಿದೆ, ಆದ್ದರಿಂದ ಹದಿನಾರನೇ ತಾರೀಕು ಬುಧವಾರ ಬೆಳಿಗ್ಗೆ ಹಳೆಯದನ್ನು ಕೆಡವಲಾಗುವುದು. ಆಕ್ಷೇಪಣೆ ಇದ್ದವರು ಅಷ್ಟರೊಳಗೆ ಲಿಖಿತವಾಗಿ ಕೆಳಗೆ ಸಹಿ ಮಾಡಿದವರಿಗೆ ಸಲ್ಲಿಸತಕ್ಕದ್ದು ಅಂತ ಇತ್ತು. ಕೆಳಗೆ ಸಹಿ ಮಾಡಿದವರು ನೀವು. ಮದುವೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಕೆಳಗೆ ಸಹಿ ಮಾಡಿದವರೂ ನೀವೇ. ಆಗ ಆಕ್ಷೇಪಣೆಗೆ ಅವಕಾಶ ಕೊಟ್ಟಿರಲಿಲ್ಲ, ಈಗ ಕೊಟ್ಟಿದ್ದೀರಿ. ಆದ್ದರಿಂದ ಇದನ್ನು ಹೆಂಡತಿಯ ಕಾಗದ ಅಂತ ತಿಳಿಯದೆ, ಸಾರ್ವಜನಿಕಳೊಬ್ಬಳ ಆಕ್ಷೇಪಣೆ ಅಂತ ತಿಳಿದು ಕೊನೆಯವರೆಗೂ ಓದಬೇಕು. ಓದದೆ ಇದ್ದರೆ ಮೇಲಧಿಕಾರಿಗಳಿಗೆ ದೂರು ಕೊಡುತ್ತೇನೆ.

ನೋಟೀಸಿನ ಟೈಪಿನ ನಡುವೆ ತಾರೀಕು ಮತ್ತು ವಾರ ಮಾತ್ರ ನಿಮ್ಮ ಕೈಬರಹ. ಬುಧವಾರದ 'ಧ'ಗೆ ಹೊಟ್ಟೆ ಸೀಳುವುದನ್ನು ನೀವು ಈಗಲೂ ಮರೆಯುತ್ತೀರಿ. ಸರ್ಕಾರಿ ಕಾಗದ ತಿದ್ದುವುದು ಅಪರಾಧ ಅಂತ ಗೊತ್ತಿದ್ದೂ ಕೆಂಪು ಪೆನ್ನು ತೆಗೆದು ಸೀಳಿಯೇ ಬಂದೆ. ಹೈಸ್ಕೂಲ್ ಕನ್ನಡ ಟೀಚರಿನ ಚಾಳಿ. ಕಲ್ಲಿಗೆ ಕೈಯಿಟ್ಟುಕೊಂಡು ಆ ಒಂದು ಪದದ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಅನ್ನುವುದು ಆಕ್ಷೇಪಣೆಗೆ ಸಂಬಂಧಪಟ್ಟ ವಿಷಯವಲ್ಲ.

ಕೂತು ಬರೆಯಲು ಆಗುತ್ತಿಲ್ಲ. ನಾಲ್ಕು ಸಾಲಿಗೊಮ್ಮೆ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಹೊಳೆ ನೋಡಿ ಬರುತ್ತೇನೆ. ಅವ್ವ ಒಳಗೆ ರೇಷ್ಮೆ ಹುಳದ ತಟ್ಟೆಗೆ ಸೊಪ್ಪು ಹಾಕುತ್ತಾ, "ಏನಮ್ಮಿ, ಬಾಲ ಸುಟ್ಟ ಬೆಕ್ಕಿನಂಗೆ ಒಳಕ್ಕೂ ಒರಕ್ಕೂ ಓಡಾಡ್ತಿದ್ದೀಯ, ಒಂದ್ಕಡೆ ಕೂತ್ಕಬಾರ್ದಾ" ಅಂತ ಎರಡು ಸಲ ಬೈದಾಯಿತು. ಹೇಗೆ ಕೂರಲಿ? ಹೊನ್ನುಹೊಳೆ ಅಂತ ಹೆಸರು. ಬೇಸಿಗೆಯಲ್ಲಿ ಅದರಲ್ಲಿ ಹೊನ್ನೂ ಇಲ್ಲ, ಹೊಳೆಯೂ ಇಲ್ಲ. ಆದರೆ ಈ ಹಿಂಗಾರಿನಲ್ಲಿ ಅದಕ್ಕೆ ತನ್ನ ಹೆಸರು ನೆನಪಾಗಿದೆ. ಮೇಲಿನಿಂದ ನೀರು ಬಿಟ್ಟಿದ್ದಾರೆ. ನಮ್ಮಪ್ಪ ಆಚೆ ದಡದ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದಾರೆ. ಹುಳ ಕೊನೆಯ ಜ್ವರ ಎದ್ದಿವೆ, ಪೊರೆ ಕಳಚಿ ಹಸಿದಿವೆ, ದಿನಕ್ಕೆ ಮೂರು ಹೊತ್ತು ಸೊಪ್ಪು ಬೇಕು. ಅಪ್ಪ ಹೊರೆ ಹೊತ್ತು ಈಚೆಗೆ ಬರಬೇಕು. ಈಗ ಇಲ್ಲಿ ಸೇತುವೆ ಒಂದಲ್ಲ, ಎರಡು. ಅಪ್ಪ ಎರಡರ ಮೇಲೂ ಬರುವುದಿಲ್ಲ. ನೀರಿಗಿಳಿದು ಬರುತ್ತಾರೆ. ಅರವತ್ತೆಂಟು ವರ್ಷ ಅವರಿಗೆ.

ಇದೇ ನನ್ನ ಆಕ್ಷೇಪಣೆ. ಇನ್ನು ಮುಂದಿನದು ಹಿನ್ನೆಲೆ.

ಹೊಸ ಸೇತುವೆಯ ಮೇಲೆ ನನಗೆ ತಕರಾರಿಲ್ಲ. ಅದನ್ನು ಕಟ್ಟಿಸಿದವರು ಬೇರೆಯವರು. ಗುಂಡ್ಲುಪೇಟೆಯಲ್ಲಿ ಕೂತ ನಿಮಗೆ ನಮ್ಮ ಕಡೆಯದನ್ನೂ ನೋಡಿಕೊಳ್ಳುವ ಹೆಚ್ಚುವರಿ ಜವಾಬ್ದಾರಿ ಬಂದು, ಹಳೆಯದನ್ನು ಕೆಡವುವ ಪುಣ್ಯ ಮಾತ್ರ ನಿಮ್ಮ ಪಾಲಿಗೆ ಬಿತ್ತು ಅಂತ ಕೇಳಿದೆ. ಹೊಸದು ಚೆನ್ನಾಗಿದೆ. ಎರಡು ಬಸ್ಸು ಎದುರಾದರೂ ಕನ್ನಡಿ ಮಡಚಬೇಕಿಲ್ಲ. ಕಬ್ಬಿನ ಲಾರಿ ಬಂದರೂ ಮೈ ನಡುಗಿಸುವುದಿಲ್ಲ. ನಡೆಯುವವರಿಗೆ ಎರಡು ಬದಿಯೂ ಎತ್ತರದ ಕಟ್ಟೆ. ಹಳೆಯದರ ಮೇಲೆ ಬಸ್ಸು ಹತ್ತಿತು ಅಂದರೆ ಒಳಗೆ ಕೂತ ನಾಸ್ತಿಕರೂ ಆಚೆ ದಡದವರೆಗೆ ಮಾದಪ್ಪನ ಒಕ್ಕಲಾಗುತ್ತಿದ್ದರು. ಈಗ ದೇವರಿಗೂ ಸ್ವಲ್ಪ ಬಿಡುವು.

ಹಳೆಯದು ಒಂದು ಗಾಡಿಯಷ್ಟೇ ಅಗಲ. ನಟ್ಟನಡುವೆ ಗೋಡೆ ಹೊರಕ್ಕೆ ಉಬ್ಬಿ ಒಂದು ಮೂಲೆ, ಇಬ್ಬರು ನಿಲ್ಲುವಷ್ಟು ಜಾಗ. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಅಲ್ಲಿಗೆ ಸರಿದು ದಾರಿ ಕೊಡಬೇಕು. ದಾರಿ ಪಡೆದವರು ಸುಮ್ಮನೆ ಹೋಗುವಂತಿಲ್ಲ, ನಿಂತವರಿಗೆ ಒಂದು ಮಾತು ಕೊಟ್ಟು ಹೋಗಬೇಕು. ಮಳೆ ಬಂತಾ, ಹಸ ಕರ ಹಾಕ್ತಾ, ಊಟ ಆಯ್ತಾ, ಏನಾದರೂ ಸರಿ. "ದಾರಿ ಕೊಟ್ಟೋರ್ಗೆ ಮಾತು ಕೊಡು" ಅನ್ನುವುದು ನಮ್ಮೂರಿನಲ್ಲಿ ಅಂಬೆಗಾಲಿನ ಮಕ್ಕಳಿಗೂ ಗೊತ್ತು. ಅದಕ್ಕೇ ಆ ಜಾಗಕ್ಕೆ ಮಾತಿನಮೂಲೆ ಅಂತ ಹೆಸರು.

ಮಾತು ಸಿಗದೆ ನಿಂತವನಿಗೂ ಒಂದು ಕಟ್ಟು ಇದೆ. ಆ ಮಾತು, ಅದೇ ಮೂಲೆಯಲ್ಲಿ, ಸಿಗುವವರೆಗೆ ಅವನು ಸೇತುವೆ ತುಳಿಯುವಂತಿಲ್ಲ, ನೀರಲ್ಲಿ ದಾಟಬೇಕು. ತಪ್ಪು ಒಬ್ಬರದು, ಒದ್ದೆಯಾಗುವವರು ಇನ್ನೊಬ್ಬರು, ಇದೆಂಥ ನ್ಯಾಯ ಅಂತ ನೀವು ಹಿಂದೆ ಕೇಳಿದ್ದಿರಿ. ನ್ಯಾಯ ಅಲ್ಲ, ಉಪಾಯ. ಒಬ್ಬ ಮನುಷ್ಯ ಸೇತುವೆ ಬಿಟ್ಟು ನೀರಲ್ಲಿ ನಡೆಯುತ್ತಿದ್ದರೆ ಊರೆಲ್ಲ ನೋಡುತ್ತೆ, ಮಾತು ನುಂಗಿದವನು ನಾಚಿಕೊಂಡು ಓಡಿ ಬರುತ್ತಾನೆ. ಒಂದು ದಿನ, ಹೆಚ್ಚೆಂದರೆ ಎರಡು ದಿನದಲ್ಲಿ ಮುಗಿಯುವ ವ್ಯವಹಾರ ಅದು. ಮೂರು ವರ್ಷ ನೀರಲ್ಲಿ ನಡೆದ ದಾಖಲೆ ಹೊಳೆಹುಂಡಿಯ ಚರಿತ್ರೆಯಲ್ಲೇ ನಮ್ಮಪ್ಪ ದೊಡ್ಡಮಲ್ಲಪ್ಪನವರದು.

ನಿಮಗೆ ಈ ಕಟ್ಟು ಗೊತ್ತಿಲ್ಲದೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನೇ ಹೇಳಿಕೊಟ್ಟಿದ್ದೆ. ನೀವು ಹಂಗಳದವರು, ಕಾಡಿನಂಚಿನ ಊರು. ಅಲ್ಲಿ ಎದುರಿಗೆ ಬರುವುದು ಆನೆ, ಅದಕ್ಕೆ ದಾರಿ ಕೊಟ್ಟು ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ. ನಿಮ್ಮ ಮೌನ ಅಲ್ಲಿಂದ ಬಂದದ್ದು ಅಂತ ನನ್ನ ಸಿದ್ಧಾಂತ. ಆದರೂ ಕಲಿತಿರಿ. ಎಷ್ಟು ನಿಷ್ಠೆಯಿಂದ ಕಲಿತಿರಿ ಅಂದರೆ, ಹೊಸ ಅಳಿಯ ಮೊದಲ ಸಲ ಸೇತುವೆ ಹತ್ತಿದಾಗ ಮಾತಿನಮೂಲೆಯಲ್ಲಿ ನಿಂತಿದ್ದದ್ದು ಒಂದು ಎಮ್ಮೆ. ನೀವು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಅದಕ್ಕೆ "ಊಟ ಆಯ್ತಾ?" ಅಂತ ಕೇಳಿ ಮುಂದೆ ಹೋದಿರಿ. ಸೇತುವೆ ತಲೆಯಲ್ಲಿ ಟೀ ಅಂಗಡಿ ಇಟ್ಟಿರುವ ಚಿಕ್ಕಬಸವಯ್ಯ ಅದನ್ನು ನೋಡಿ ಊರಿಗೆಲ್ಲ ಸಾರಿದ. ಆವತ್ತಿನಿಂದ ನಿಮಗೆ ಇಲ್ಲಿ ಎಮ್ಮೆ ಮಾತಾಡ್ಸಿದ ಅಳಿಯಂದ್ರು ಅಂತ ಬಿರುದು. ನೆನಪಿದೆ ತಾನೇ? ಮುಂದೆ ಈ ಎಮ್ಮೆ ಮತ್ತೆ ಬರುತ್ತದೆ.

ಚಿಕ್ಕಬಸವಯ್ಯನ ಕಥೆಯನ್ನೂ ಕೇಳಿ. ಅವನಿಗೂ ಅವನ ತಮ್ಮನಿಗೂ ಬೇಲಿಯ ಜಗಳ, ಹನ್ನೊಂದು ವರ್ಷದಿಂದ ಚಾಮರಾಜನಗರದ ಕೋರ್ಟಿನಲ್ಲಿದೆ. ಕೋರ್ಟಿನಲ್ಲಿ ಇಬ್ಬರೂ ವಕೀಲರ ಮೂಲಕವೇ ಮಾತಾಡುವುದು. ಆದರೆ ದಿನಾ ಬೆಳಿಗ್ಗೆ ಸೇತುವೆ ಮೇಲೆ ತಮ್ಮನು ಮೂಲೆಗೆ ಸರಿದರೆ, ಅಣ್ಣ, "ಏನ್ಲಾ, ಇನ್ನೂ ಬದ್ಕಿದ್ದೀಯೇನ್ಲಾ?" ಅನ್ನಬೇಕು. ಸಾಯಂಕಾಲ ಅಣ್ಣ ಸರಿದರೆ ತಮ್ಮ, "ಊಂ ಕಣಣ್ಣ, ನಿನ್ನ ತಿಥಿ ವಡೆ ತಿನ್ಕಂಡೇ ಓಗನ ಅಂತ ಕಾಯ್ತಾ ಇವ್ನಿ" ಅನ್ನಬೇಕು. ಹನ್ನೊಂದು ವರ್ಷ ಹೀಗೆ ದಿನಕ್ಕೆರಡು ಮಾತು. ಹೊಸ ಸೇತುವೆ ಸಂಚಾರಕ್ಕೆ ಬಿಟ್ಟು ಹತ್ತು ದಿನವಾಯಿತು. ಅಣ್ಣ ಈ ಬದಿಯ ಕಟ್ಟೆ, ತಮ್ಮ ಆ ಬದಿಯ ಕಟ್ಟೆ. ಯಾರೂ ಯಾರಿಗೂ ಸರಿಯಬೇಕಿಲ್ಲ. ನಿನ್ನೆ ಟೀ ಸೋಸುತ್ತಾ ಚಿಕ್ಕಬಸವಯ್ಯ, "ಬೋ ಅಗಲ್ವಾಗಿ ಕಟ್ಬುಟ್ರು ಕಣ್ ಮೇಡಮ್ಮೋರೇ. ಬಯ್ಯಕ್ಕೂ ಒಬ್ರು ಕೈಗ್ ಸಿಗಲ್ರು" ಅಂದ. ಅವನು ನಗುತ್ತಿರಲಿಲ್ಲ. ಎರಡು ಸಲ ಸಕ್ಕರೆ ಹಾಕಿದ.

ಈಗ ಮೂಲ ವಿಷಯ. ಊರು ಹೇಳುವುದು ಹೀಗೆ. ಮೂರು ವರ್ಷದ ಹಿಂದೆ, ದೀಪಾವಳಿಗೆ ನಾಲ್ಕು ದಿನ ಇದೆ ಅನ್ನುವಾಗ, ಹೊಸ ಸೇತುವೆಗೆ ಜಾಗ ನೋಡಲು ಇಲಾಖೆಯ ಜೀಪು ಬಂತು. ಅಪ್ಪ ಸೊಪ್ಪಿನ ಹೊರೆ ಹೊತ್ತು ಮಾತಿನಮೂಲೆಗೆ ಸರಿದು ನಿಂತರು. ಮುಂದಿನ ಸೀಟಿನಲ್ಲಿ ಅಳಿಯಂದಿರಿದ್ದರು. ಜೀಪು ನಿಧಾನವಾಯಿತು, ಮತ್ತೆ ಹೊರಟುಹೋಯಿತು. ಮಾತು ಬರಲಿಲ್ಲ. ಅಪ್ಪ ಮನೆಗೆ ಬಂದು ಹೊರೆ ಇಳಿಸಿ, "ಅಳಿಯಂದ್ರು ಮಾತು ಕೊಡ್ದೆ ಓದ್ರು" ಅಂದರು. ಅಷ್ಟೇ. ಮಾರನೆಯ ದಿನದಿಂದ ನೀರಿಗಿಳಿದರು. ದೀಪಾವಳಿಗೆ ನೀವು ಬಂದಾಗ ಊರಿನ ನಾಲ್ಕು ಜನ ಜಗಲಿಯ ಮೇಲೆ ಕೂತು ಕೇಳಿದರು, ಸ್ವಾಮೀ, ಒಂದು ಮಾತಿಗೆ ಏನು ಬಂತು ಕೇಡು ಅಂತ. ನೀವು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕಜ್ಜಾಯದ ತಟ್ಟೆ ಕೆಳಗಿಟ್ಟು ಎದ್ದು ಬಸ್ಸಿಗೆ ಹೋದಿರಿ. ನಾನು ಬಸ್ ನಿಲ್ದಾಣದವರೆಗೆ ಹಿಂದೆ ಬಂದೆ. ಅಲ್ಲಿ ನೀವು ನನಗೆ ಎರಡು ವಾಕ್ಯ ಹೇಳಿದಿರಿ. ಆ ವಾಕ್ಯಗಳು ನನ್ನ ಹತ್ತಿರ ಭದ್ರವಾಗಿವೆ, ಸಮಯ ಬಂದಾಗ ಹಾಜರುಪಡಿಸುತ್ತೇನೆ. ನಾಲ್ಕು ದಿನ ಅಪ್ಪನ ಜೊತೆ ಇದ್ದು ಬರುತ್ತೇನೆ ಅಂದೆ. ನಾಲ್ಕು ದಿನ ಮೂರು ವರ್ಷವಾಯಿತು. ನಾನು ಸಂತೆಮರಹಳ್ಳಿ ಶಾಲೆಗೆ ವರ್ಗ ಮಾಡಿಸಿಕೊಂಡೆ, ನೀವು ಚಾಮರಾಜನಗರ ಬಿಟ್ಟು ಗುಂಡ್ಲುಪೇಟೆಗೆ ಮಾಡಿಸಿಕೊಂಡಿರಿ. ಊರು ಒಂದು ತೀರ್ಮಾನಕ್ಕೆ ಬಂತು: ಎಮ್ಮೆಗೆ ಕೊಟ್ಟ ಮಾತನ್ನು ಮಾವನಿಗೆ ಕೊಡದ ಗರ್ವಿಷ್ಠ.

ಬುಧವಾರ ನಿಮ್ಮ ಜೆಸಿಬಿ ಆ ಮೂಲೆಯನ್ನು ಕಿತ್ತರೆ, ಅಪ್ಪನಿಗೆ ಬರಬೇಕಾದ ಮಾತು ಬರುವ ಜಾಗವೇ ಇರುವುದಿಲ್ಲ. ಹೊಸ ಸೇತುವೆ ಇದೆಯಲ್ಲಪ್ಪಾ ಅಂದರೆ, "ಸೇತ್ವೆ ಅಂದ್ರೆ ಸೇತ್ವೆ ಕಣ್ ಮೊಗ. ಹಳೇದ್ರ ಮೇಲೆ ಸಿಗ್ದೆ ಇರ ಮರ್ವಾದೆ ಹೊಸದ್ರ ಮೇಲೆ ಮೊಳೆತದಾ?" ಅನ್ನುತ್ತಾರೆ. ಅಂದರೆ ಇರುವಷ್ಟು ದಿನ ನೀರೇ ಗತಿ. ಆದ್ದರಿಂದ ತಾವು ಮಂಗಳವಾರದೊಳಗೆ ಬಂದು, ಆ ಮೂಲೆಯಲ್ಲಿ ನನ್ನ ತಂದೆಗೆ ಒಂದು ಮಾತು ಕೊಟ್ಟು, ಆನಂತರ ಏನು ಬೇಕಾದರೂ ಕೆಡವಿಕೊಳ್ಳಬೇಕಾಗಿ

ಹೊರಗೆ ಯಾರೋ ಕೂಗುತ್ತಿದ್ದಾರೆ. ಬಂದೆ.

ಮಧ್ಯಾಹ್ನ ಮೂರು ಗಂಟೆ

ಮೇಲಿನ ವಾಕ್ಯವನ್ನು ಪೂರ್ತಿ ಮಾಡುವುದಿಲ್ಲ, ಕ್ಷಮಿಸಿ. ಮಕ್ಕಳು ಹೀಗೆ ಅರ್ಧಕ್ಕೆ ಬಿಟ್ಟರೆ ಅಂಕ ಕಳೆಯುವವಳು ನಾನು.

ಅಪ್ಪ ಜಾರಿದರು. ನಡುಹೊಳೆಯಲ್ಲಿ, ಎರಡು ಸೇತುವೆಗಳ ನಡುವೆ. ಹೊರೆ ತಲೆಯಿಂದ ಬಿದ್ದು ತೇಲಿಹೋಯಿತು. ಹೊರೆಯ ಹಿಂದೆ ಅಪ್ಪನೂ ಹತ್ತು ಮಾರು ಹೋದರು. ಟೀ ಅಂಗಡಿಯಿಂದ ನೋಡಿದ ಚಿಕ್ಕಬಸವಯ್ಯ ನೀರಿಗೆ ಬಿದ್ದ. ಇನ್ನೊಂದು ದಡದಿಂದ ಅವನ ತಮ್ಮನೂ ಬಿದ್ದ. ಇಬ್ಬರೂ ಒಂದೊಂದು ರಟ್ಟೆ ಹಿಡಿದು ಎಳೆದು ತಂದರು. ದಡಕ್ಕೆ ಬಂದ ಮೇಲೆ ಯಾರು ಮೊದಲು ಹಿಡಿದದ್ದು ಅಂತ ಇಬ್ಬರಿಗೂ ಜಗಳವಾಯಿತು. ಹತ್ತು ದಿನದ ಮೇಲೆ ಬಾಯಿ ತುಂಬ ಬೈದುಕೊಂಡು ಇಬ್ಬರ ಮುಖವೂ ಬೆಳಗಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮರಳಿನ ಮೇಲೆ ಕೂತು ಅಪ್ಪನ ಬೆನ್ನು ಉಜ್ಜುತ್ತಿದ್ದೆ.

ಅಪ್ಪನಿಗೆ ಮಂಡಿ ತರಚಿದೆ, ಸ್ವಲ್ಪ ನೀರು ಕುಡಿದಿದ್ದಾರೆ, ಬೇರೇನೂ ಆಗಿಲ್ಲ. ಕಣ್ಣು ಬಿಟ್ಟ ತಕ್ಷಣ ಕೇಳಿದ್ದು "ಸೊಪ್ಪೆಲ್ಲಿ?" ಅಂತ. ಈಗ ಕಂಬಳಿ ಹೊದ್ದು ಮಲಗಿ, ನಾಳೆ ಬೆಳಿಗ್ಗೆ ಬೇಗ ಹೋಗಬೇಕು, ಹುಳ ಉಪವಾಸ ಬೀಳುತ್ತವೆ ಅನ್ನುತ್ತಿದ್ದಾರೆ.

ಅವ್ವ ಮಂಡಿಗೆ ಅರಿಶಿನ ಹಚ್ಚಿ ಬಂದು ನನ್ನ ಪಕ್ಕ ಕೂತಳು. ನಾನು ಬರೆಯುತ್ತಿದ್ದ ಕಾಗದ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಯಾರಿಗೆ ಅಂತ ಗೊತ್ತಾಗುತ್ತದೆ. "ಅವರ್ನ ಬೈದು ಬರ್ದಿದ್ದೀಯಾ?" ಅಂದಳು. ಸ್ವಲ್ಪ ಅಂದೆ. ಅವ್ವ ಕೈಗಂಟಿದ ಅರಿಶಿನವನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಅಂದಳು:

"ಎಮ್ಮೆಗೇ ಊಟ ಆಯ್ತಾ ಅಂದೋರು ಕಣಮ್ಮಿ ನಿನ್ನ ಗಂಡ. ಅಂತೋರು ನಿಮ್ಮಪ್ಪನ್ನ ಕಂಡೂ ಬಾಯ್ ಬುಡ್ದೆ ಓದ್ರು ಅಂದ್ರೆ, ಜೀಪಲ್ಲಿ ಬಾಯಿ ಮುಚ್ಸಿದೋರು ಬ್ಯಾರೆ ಯಾರೋ ಇದ್ರು. ಮೂರ್ ವರ್ಸದಿಂದ ನಂಗೆ ಇದೊಂದು ಅರ್ತಾಯ್ತಿಲ್ಲ, ಯಾರು ಅಂತ."

ಎದ್ದು ಒಳಗೆ ಹೋದಳು. ಅರ್ಥವಾಗದೆ ಇರುವವಳ ನಡಿಗೆ ಅದಲ್ಲ.

ನೋಡಿ, ಹೊಳೆಯ ದಡದಲ್ಲೇ ಹುಟ್ಟಿದವಳು ನಾನು. ಊರಿನಲ್ಲಿ ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆಯುವುದಿಲ್ಲ ಅಂತ ಮೂರು ವರ್ಷ ನಂಬಿಕೊಂಡಿದ್ದೆ. ಬೆಳಿಗ್ಗೆಯಿಂದ "ಊರು ಹೇಳುವುದು ಹೀಗೆ" ಅಂತ ಊರಿನ ಬೆನ್ನಿನ ಹಿಂದೆ ನಿಂತು ನಿಮಗೆ ಬರೆಯುತ್ತಿದ್ದೇನೆ. ನೀವು ಇಲ್ಲಿಯವರೆಗೆ ಓದಿದ್ದರೆ, ಒಂದು ಸಲವೂ ಕಾಗದ ಹರಿಯಬೇಕು ಅನ್ನಿಸದೆ ಓ‌ದಿದ್ದರೆ, ನಿಮ್ಮ ತಾಳ್ಮೆಯನ್ನು ಪರೀಕ್ಷೆಗೆ ಕಳಿಸಬೇಕು. ಯಾವ ಕಾಂಕ್ರೀಟೂ ಇಷ್ಟು ಭಾರ ತಡೆಯುವುದಿಲ್ಲ.

ಜೀಪಿನ ಹಿಂದಿನ ಸೀಟಿನಲ್ಲಿ ನಾನಿದ್ದೆ. ನಿಮಗೆ ಗೊತ್ತಿರುವುದನ್ನೇ ನಿಮಗೆ ಬರೆಯುತ್ತಿದ್ದೇನೆ, ಆದರೂ ಬರೆಯುತ್ತೇನೆ, ಒಂದು ಸಲವಾದರೂ ನನ್ನ ಕೈಬರಹದಲ್ಲಿ ಇರಲಿ. ನನ್ನ ಪಕ್ಕದಲ್ಲಿ ನಿಮ್ಮ ಸಾಹೇಬರ ಮನೆಯವರು. ಮೈಸೂರಿನವರು, ತಿಳಿ ನೀಲಿ ಸೀರೆ, ಕೈಯಲ್ಲಿ ಥರ್ಮಾಸು. ಹಳ್ಳಿ ನೋಡಬೇಕು ಅಂತ ಬಂದಿದ್ದರು. ಚಾಮರಾಜನಗರದಿಂದ ಬರುವ ದಾರಿಯುದ್ದಕ್ಕೂ ನಾನು ಅವರನ್ನು ನಗಿಸುತ್ತಾ ಬಂದೆ. ನಿಮ್ಮ ತಂದೆ ಏನು ಮಾಡಿಕೊಂಡಿದ್ದಾರೆ ಅಂತ ಕೇಳಿದಾಗ "ಪ್ಲಾಂಟರ್" ಅಂದೆ. ಮುಂದಿನ ಸೀಟಿನಲ್ಲಿ ನಿಮ್ಮ ಕತ್ತು ಒಂಚೂರು ತಿರುಗಿದ್ದು ಕಂಡಿತ್ತು. ಹಿಪ್ಪುನೇರಳೆಯೂ ಗಿಡವೇ ಅಲ್ಲವೇ, ನಾನೇನು ಸುಳ್ಳು ಹೇಳಿದೆ ಅಂತ ಮನಸ್ಸಿನಲ್ಲೇ ಒಂದು ನಗೆ ನಕ್ಕೆ. ನನಗೆ ಯಾವಾಗಲೂ ಇದು ಅನುಕೂಲ. ತಪ್ಪು ಮಾಡುವ ಮುಂಚೆಯೇ ಅದಕ್ಕೊಂದು ತಮಾಷೆ ಸಿದ್ಧವಿರುತ್ತದೆ.

ಸೇತುವೆ ಬಂತು. ಮೂಲೆಯಲ್ಲಿ ಅಪ್ಪ. ಮಂಡಿಯ ಮೇಲಿನ ಚಡ್ಡಿ, ಹರಿದ ಬನಿಯನ್ನು, ತಲೆಯ ಮೇಲೆ ಹೊರೆ, ಸೊಪ್ಪಿನ ನೀರು ಮುಖದ ಮೇಲೆ ಇಳಿಯುತ್ತಿತ್ತು. ಕಣ್ಣು ಕಾಣದಷ್ಟು ಸೊಪ್ಪು. ಪಕ್ಕದವರು, "ಪಾಪ, ಎಷ್ಟು ಭಾರ ಹೊತ್ತಿದಾನೆ ನೋಡಿ, ಯಾರದು?" ಅಂದರು. ಡ್ರೈವರು ನಿಧಾನ ಮಾಡಿದ. ನೀವು ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ನನ್ನ ಕಡೆ ತಿರುಗಿ, "ಮಾವನವರಲ್ಲವಾ?" ಅಂದಿರಿ. ನೀವು ಅಪ್ಪನ ಕಡೆ ತಿರುಗುವ ಮುಂಚೆ, ನಿಮಗಿಂತ ಜೋರಾಗಿ ನಾನು ಹೇಳಿದೆ:

"ಅಲ್ಲ, ಯಾರೋ ಆಳು. ಹೋಗಿ, ತಡವಾಯಿತು."

ಜೀಪು ಹೊರಟಿತು. ನಿಮ್ಮ ಕೈ ಇನ್ನೂ ಕಿಟಕಿಯ ಹೊರಗೆ ಇತ್ತು.

ಹೊಳೆಯ ಸದ್ದಿಗೆ ಅಪ್ಪನಿಗೆ ಕೇಳಿಸಿರಲಿಕ್ಕಿಲ್ಲ ಅಂತ ಅಂದುಕೊಂಡೆ. ಸೊಪ್ಪು ಅಡ್ಡ ಇತ್ತು, ನನ್ನನ್ನು ನೋಡಿರಲಿಕ್ಕಿಲ್ಲ ಅಂತ ಅಂದುಕೊಂಡೆ. "ಅಳಿಯಂದ್ರು ಮಾತು ಕೊಡ್ದೆ ಓದ್ರು" ಅಂತ ಅಪ್ಪ ಅಂದದ್ದು ಕಿವಿಗೆ ಬಿದ್ದಾಗ ನನಗೆ ಆದದ್ದು ದುಃಖವಲ್ಲ, ನಿರಾಳ. ದೀಪಾವಳಿಯ ದಿನ ನೀವು ಜಗಲಿಯ ಮೇಲೆ ನಿಂತು ಒಂದು ಸಲ ನನ್ನ ಕಡೆ ನೋಡಿದಿರಿ. ನಾನು ಕಜ್ಜಾಯದ ತಟ್ಟೆ ನೋಡಿದೆ. ಬಸ್ ನಿಲ್ದಾಣದಲ್ಲಿ ನೀವು ಹೇಳಿದ ಎರಡು ವಾಕ್ಯಗಳನ್ನು ಈಗ ಹಾಜರುಪಡಿಸುತ್ತಿದ್ದೇನೆ. "ಮಾವನವರಿಗೆ ನೀನೇ ಹೇಳಬೇಕು ವನಿತಾ. ನಾನು ಹೇಳಿದರೆ ಅದು ಚಾಡಿಯಾಗುತ್ತೆ."

ಚಾಡಿ ಹೇಳಲಿಲ್ಲ ನೀವು. ಗರ್ವಿಷ್ಠ ಅನ್ನಿಸಿಕೊಂಡು ಮೂರು ವರ್ಷ ಇದ್ದಿರಿ. ನಾನು ಶಾಲೆಯಲ್ಲಿ, ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ನಿಮ್ಮ ಮೌನದ ಮೇಲೆ ಜೋಕು ಮಾಡಿ ಜನರನ್ನು ನಗಿಸಿದೆ. ನಮ್ಮ ಯಜಮಾನರು ಸೇತುವೆ ಕಟ್ಟುತ್ತಾರೆ, ಸಂಬಂಧ ಕಟ್ಟುವುದು ಅವರ ಇಲಾಖೆಯಲ್ಲ ಅಂತ. ಎಲ್ಲರೂ ನಕ್ಕರು. ದಿನಾ ಅಪ್ಪನಿಗೆ ಅನ್ನ ಬಡಿಸಿದೆ, ಒದ್ದೆ ಪಂಚೆ ಹಿಂಡಿ ಹರವಿದೆ. ಮಳೆ, ರಾಜಕೀಯ, ರೇಷ್ಮೆಯ ಧಾರಣೆ, ಎಲ್ಲ ಮಾತಾಡಿದೆ. ಆ ಒಂದು ಮಾತು ಬಿಟ್ಟು. ಬಾಯಿಬಡುಕಿ ಅಂತ ಹೆಸರಾದವಳಿಗೆ ಒಂದು ವಾಕ್ಯ ನುಂಗುವುದು ಎಷ್ಟು ಸುಲಭ ಗೊತ್ತೇ? ಸುತ್ತ ಬೇರೆ ವಾಕ್ಯಗಳನ್ನು ಸುರಿಯುತ್ತಾ ಇದ್ದರಾಯಿತು.

ಆದ್ದರಿಂದ ನನ್ನ ಆಕ್ಷೇಪಣೆಯನ್ನು ತಿದ್ದುತ್ತಿದ್ದೇನೆ. ನೀವು ಬಂದು ನಮ್ಮಪ್ಪನಿಗೆ ಮಾತು ಕೊಡಬೇಕಾಗಿಲ್ಲ. ಕೊಡಬೇಕಾದವಳು ನಾನು. ನಾಳೆ ಬೆಳಿಗ್ಗೆ ಅವರು ನೀರಿಗಿಳಿಯುವ ಮೊದಲು ಕೊಡುತ್ತೇನೆ ಅಂತ ಬರೆಯುತ್ತಿದ್ದೇನೆ. ಬರೆಯುವುದರಲ್ಲಿ ನಾನು ಯಾವತ್ತೂ ಗಟ್ಟಿ, ನಿಮಗೆ ಗೊತ್ತು. ಅದಕ್ಕೇ ಕಾಗದವನ್ನು ಇವತ್ತೇ ಮುಚ್ಚುವುದಿಲ್ಲ. ಕೊಟ್ಟರೆ ಇದು ನಿಮಗೆ ಬರುತ್ತದೆ. ಕೊಡದಿದ್ದರೆ ಬರುವುದಿಲ್ಲ, ಬರಬೇಕಾದ ಯೋಗ್ಯತೆಯೂ ಅದಕ್ಕಿರುವುದಿಲ್ಲ.

ಇತಿ, ಕೆಳಗೆ ಸಹಿ ಮಾಡಿದವಳು,
ಹಿಂದಿನ ಸೀಟಿನ
ವನಿತಾ

ಮ.ರಿ.: ಸೋಮವಾರ, ಬೆಳಿಗ್ಗೆ ಎಂಟೂವರೆ, ಸಂತೆಮರಹಳ್ಳಿ ಬಸ್ ನಿಲ್ದಾಣ. ಗುಂಡ್ಲುಪೇಟೆಯ ಕಡೆ ಹೋಗುವ ಕಂಡಕ್ಟರ್ ಒಬ್ಬರು ಇದನ್ನು ನಿಮ್ಮ ಕಚೇರಿಗೆ ಮುಟ್ಟಿಸುತ್ತೇನೆ ಅಂದಿದ್ದಾರೆ. ಬಸ್ಸು ಹೊರಡುವಷ್ಟರಲ್ಲಿ ಬರೆದು ಮುಗಿಸಬೇಕು.

ನಾನು ಏಳುವಷ್ಟರಲ್ಲಿ ಅಪ್ಪ ಆಚೆ ದಡಕ್ಕೆ ಹೋಗಿಯಾಗಿತ್ತು. ಓಡಿ ಸೇತುವೆ ಹತ್ತಿದೆ. ಮಾತಿನಮೂಲೆಯಲ್ಲಿ ನಿಂತು ನೋಡಿದರೆ ಹೊರೆ ಹೊತ್ತು ನೀರಿಗಿಳಿಯುತ್ತಿದ್ದಾರೆ, ತರಚಿದ ಮಂಡಿಯವರೆಗೆ ನೀರು. ಟೀ ಅಂಗಡಿಯಲ್ಲಿ ಎಂಟು ಹತ್ತು ಜನ. ಅಪ್ಪ ಹತ್ತಿರ ಬರಲಿ, ಮೆಲ್ಲಗೆ ಹೇಳೋಣ ಅಂತ ಒಂದು ಕ್ಷಣ ಅನ್ನಿಸಿತು. ಮೆಲ್ಲಗೆ ಹೇಳಲು ಮೂರು ವರ್ಷ ಇತ್ತಲ್ಲ. ಗೋಡೆ ಹಿಡಿದು ಕಿರುಚಿದೆ. "ಅಪ್ಪಾ, ಆವತ್ತು ಯಾರೋ ಆಳು ಅಂದೋಳು ನಾನು! ಅವರು ಮಾತಾಡ್ಸೋಕೆ ಬಂದ್ರು, ನಾನೇ ಬೇಡ ಅಂದೆ!"

ಅಪ್ಪ ನೀರಲ್ಲೇ ನಿಂತು ಸೊಪ್ಪು ಸರಿಸಿ ಮೇಲೆ ನೋಡಿದರು.

"ಗೊತ್ತು ಕಣಮ್ಮಿ. ನಂಗೆ ಕಿವಿ ಚೆಂದಾಗದೆ. ಇಂಗೆ ಕಿರುಚ್ಬೇಡ, ಹುಳಕ್ಕೆ ಆಗಲ್ಲ."

ಹುಳದ ಮನೆ ಇರುವುದು ಅರ್ಧ ಫರ್ಲಾಂಗು ದೂರ.

ಹಾಗಾದರೆ ಅಳಿಯಂದಿರ ಮೇಲೆ ಯಾಕೆ ಹಾಕಿದಿರಿ ಅಂತ ಕೇಳಿದೆ. ಈ ಸಲ ಕಿರುಚಲಿಲ್ಲ, ಅವರಿಗೆ ಕೇಳಿಸಿತೋ ಇಲ್ಲವೋ. ಅಪ್ಪ ನೀರಿನಿಂದ ಹಿಂದಕ್ಕೆ ತಿರುಗಿ ದಡ ಹತ್ತಿ, ಮೂರು ವರ್ಷದ ಮೇಲೆ ಸೇತುವೆಯ ತಲೆಗೆ ಬಂದರು. ಹೊರೆಯ ಜೊತೆ ನಿಧಾನವಾಗಿ ನಡೆದು ಬಂದು, ನನ್ನ ಹತ್ತಿರ ನಿಂತು ಹೇಳಿದರು, "ಅಳಿಯ ಅಂದ್ರೆ ಒರಗ್ನೋರು ಕಣ್ ಮೊಗ, ಬೈಸ್ಕಂಡು ಬಸ್ ಹತ್ಬುಡ್ತಾರೆ. ನೀನು ಇಲ್ಲಿ ತಲೆ ಎತ್ಕಂಡು ಓಡಾಡ್ಬೇಕಲ್ಲ. ಅವರೂ ಹಂಗೇ ಅಂದ್ಕಂಡ್ರೇನೋ, ಒಂದ್ ಮಾತ್ನೂ ಆಡ್ಲಿಲ್ಲ. ದೊಡ್ಡ ಮನ್ಸ ಕಣಮ್ಮಿ." ಆಮೇಲೆ ನನ್ನನ್ನು ಮೂಲೆಯಿಂದ ಈಚೆಗೆ ಎಳೆದು, ತಾವು ಅಲ್ಲಿ ಸರಿದು ನಿಂತು, "ಊಂ, ಈಗ ಓಗು. ಸರ್ಯಾಗಿ ಮಾತು ಕೊಟ್ಟು ಓಗು" ಅಂದರು.

ನಾಲ್ಕು ಹೆಜ್ಜೆ ನಡೆದೆ. ಎಂ.ಎ.ಯಲ್ಲಿ ಓದಿದ್ದು ಒಂದೂ ನೆನಪಿಗೆ ಬರಲಿಲ್ಲ, ನಿಮ್ಮ ಎಮ್ಮೆ ಬಂತು. "ಊಟ ಆಯ್ತಾ ಅಪ್ಪಾ?" ಅಂದೆ. ಬೆಳಿಗ್ಗೆ ಆರೂವರೆಗೆ.

ಅಪ್ಪ ಹೊರೆ ಸರಿಪಡಿಸಿಕೊಂಡು ಅಂದರು, "ಇಲ್ಲ ಕಣ್ ಮೊಗ. ಅವರೂ ಬರ್ಲಿ, ಒಟ್ಗೆ ಉಣ್ಣನ."

ಕಂಡಕ್ಟರ್ ಸೀಟಿ ಊದುತ್ತಿದ್ದಾರೆ. ಆಕ್ಷೇಪಣೆಯನ್ನು ಹಿಂದಕ್ಕೆ ಪಡೆದಿದ್ದೇನೆ, ಬುಧವಾರ ನಿಮ್ಮ ಸೇತುವೆ ಕೆಡವಿಕೊಳ್ಳಿ. ಆದರೆ ಮಂಗಳವಾರ ಒಂದು ಸಲ ಬನ್ನಿ. ಮೂರು ವರ್ಷದಿಂದ ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಿರುವವರು ಇನ್ನೊಬ್ಬರಿದ್ದಾರೆ. ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತಿರಿ. ನಾನು ಎದುರಿನಿಂದ ಬರುತ್ತೇನೆ.